ಸರ್ವೆ ನಂಬರಿನಿಂದ ಭೂ-ಆಧಾರ್‌ವರೆಗೆ: ಡೇಟಾಬೇಸ್ ಕೀಲಿಗಳ ಬೆಳವಣಿಗೆ

ಬೀದರ್ ಜಿಲ್ಲೆಯ ಹುಲಸೂರಿನ ಒಂದು ಹೊಲದ ದಾಖಲೆಯಾದ ಪಹಣಿ ಬೇಕಾದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಅದರ ಉಪಗುರುತುಗಳಾದ ಸರ್ನೋಕ್, ಹಿಸ್ಸಾ ಇವೆಲ್ಲವನ್ನೂ ಹೇಳಬೇಕು. ಸರ್ವೆ ನಂಬರು ಎಲ್ಲ ಊರುಗಳಲ್ಲೂ 1ರಿಂದಲೇ ಶುರುವಾಗುವುದರಿಂದ ಅದೊಂದೇ ಯಾವ ಹೊಲವನ್ನೂ ಗುರುತಿಸದು. ಹೀಗೆ ಹಲವು ಕಾಲಂ ಸೇರಿ ಒಂದು ಸಾಲನ್ನು ಗುರುತಿಸಿದರೆ ಅದು ಸಂಯುಕ್ತ ಕೀಲಿ. ಒಂದೇ ಕಾಲಂ ಆ ಕೆಲಸ ಮಾಡಿದರೆ ಒಂಟಿ ಕೀಲಿ. ಕಂದಾಯ ಇಲಾಖೆ ಕಂಪ್ಯೂಟರಿಗಿಂತ ಬಹಳ ಮೊದಲೇ ಸಂಯುಕ್ತ ಕೀಲಿಯನ್ನು ಬಳಸುತ್ತಿತ್ತು. ಭೂಮಿ ಯೋಜನೆ 2000ದ ನಂತರ ಪಹಣಿಗಳನ್ನು ಗಣಕಕ್ಕೆ ತಂದಾಗ ಹುಡುಕುವ ಕ್ರಮ ಅದೇ ಉಳಿಯಿತು.

ಡೇಟಾಬೇಸ್ ಸಿದ್ಧಾಂತವೂ ಸಂಯುಕ್ತ ಕೀಲಿಯನ್ನು ಒಪ್ಪಿತ್ತು. ಇ. ಎಫ್. ಕಾಡ್ 1970ರಲ್ಲಿ ಮಾಹಿತಿಯನ್ನು ಟೇಬಲ್ಲುಗಳಾಗಿ ಕಾಣುವ ರಿಲೇಶನಲ್ ಮಾದರಿಯನ್ನು ಮಂಡಿಸಿದಾಗ ಪ್ರೈಮರಿ ಕೀ, ಎಂದರೆ ಸಾಲನ್ನು ಗುರುತಿಸುವ ಮುಖ್ಯ ಕೀಲಿ, ಒಂದೇ ಕಾಲಂ ಆಗಿರಬೇಕೆಂದು ಕಟ್ಟು ಹಾಕಲಿಲ್ಲ. 1976ರಲ್ಲಿ ಹಾಲ್, ಓಲೆಟ್, ಟಾಡ್ ಮೂವರು ವ್ಯವಸ್ಥೆಯೇ ಹುಟ್ಟಿಸುವ, ಸ್ವತಃ ಯಾವ ಅರ್ಥವೂ ಇಲ್ಲದ ಸರೊಗೇಟ್ ಗುರುತನ್ನು ಸೂಚಿಸಿದರು. 1979ರಲ್ಲಿ ಕಾಡ್ ಕೂಡ ಅದನ್ನು ತಮ್ಮ ವಿಸ್ತೃತ ಮಾದರಿಗೆ ಸೇರಿಸಿಕೊಂಡರು.

ಇಂಥ ಸರೊಗೇಟ್ ಗುರುತಿನ ಅಗತ್ಯವನ್ನು ಹುಲಸೂರಿಗಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಹುಲಸೂರು ಬಸವಕಲ್ಯಾಣದಿಂದ, ಚಿಟಗುಪ್ಪ ಹುಮನಾಬಾದಿನಿಂದ ಬೇರೆಯಾದವು. ಹೊಲ ಕದಲಲಿಲ್ಲ, ಬದು ಸರಿಯಲಿಲ್ಲ. ವಿಳಾಸ ಮಾತ್ರ ಬದಲಾಯಿತು. ತಾಲೂಕಿನ ಹೆಸರನ್ನು ಪ್ರೈಮರಿ ಕೀಯೊಳಗೆ ಇಟ್ಟುಕೊಂಡ ಯಾವುದೇ ಡೇಟಾಬೇಸಿನಲ್ಲಿ ಆ ಒಂದು ಬದಲಾವಣೆ ಹೊಲದ ಟೇಬಲ್ಲಿಗೆ ನಿಲ್ಲುವುದಿಲ್ಲ. ಬೆಳೆ, ಸಾಲ, ಮ್ಯುಟೇಶನ್ (ಹಕ್ಕು ಬದಲಾವಣೆ) ಎಂದು ಅದನ್ನು ಆಧರಿಸಿದ ಟೇಬಲ್ಲುಗಳಿಗೂ ಹರಡುತ್ತದೆ. 1992ರ ಎಸ್‌ಕ್ಯುಎಲ್ ಮಾನದಂಡ ಇಂಥ ತಿದ್ದುಪಡಿ ತಾನಾಗಿ ಹರಿಯುವ ಸೌಲಭ್ಯ ಕೊಟ್ಟಿದ್ದರೂ, ಅದು ಬೇರೆ ಕಚೇರಿಗೆ ಆಗಲೇ ಹೋದ ಪ್ರತಿಗಳನ್ನು ಮುಟ್ಟಲಾರದು.

ವೇಗದ ಲೆಕ್ಕವೂ ಇದೆ. ಮೈಎಸ್‌ಕ್ಯುಎಲ್ ಡೇಟಾಬೇಸಿನ ಇನ್ನೊಡಿಬಿ ಎಂಬ ಸಂಗ್ರಹ ಎಂಜಿನ್ನಿನಲ್ಲಿ ಉಳಿದ ಇಂಡೆಕ್ಸ್‌ಗಳೆಲ್ಲ ಪ್ರೈಮರಿ ಕೀಯ ಪ್ರತಿಯನ್ನು ಹೊತ್ತಿರುತ್ತವೆ. ಕೀಲಿ ಉದ್ದವಾದಷ್ಟೂ ಅವು ಊದಿಕೊಳ್ಳುತ್ತವೆ. ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟುಗಳೂ ಒಂಟಿ ಕೀಲಿಯತ್ತಲೇ ವಾಲಿದವು. ರೂಬಿ ಆನ್ ರೈಲ್ಸ್ ಮೊದಲಿನಿಂದಲೂ ಒಂಟಿ ಐಡಿಯನ್ನೇ ರೂಢಿ ಮಾಡಿತು. ಸಂಯುಕ್ತ ಕೀಲಿಗೆ ಅದರಲ್ಲಿ ನೇರ ಬೆಂಬಲ ಬಂದದ್ದು 2023ರಲ್ಲಿ, ಇನ್ನೊಂದು ಚೌಕಟ್ಟಾದ ಜಾಂಗೋದಲ್ಲಿ 2025ರಲ್ಲಿ.

ಈ ರೂಢಿ ಒಂದು ಅಪಾಯವನ್ನೂ ತಂದಿತು. ಐಡಿ ಒಂದನ್ನೇ ನಂಬಿದರೆ ಒಂದೇ ಹಿಸ್ಸಾ ಎರಡು ಐಡಿಗಳಡಿ ಎರಡು ಸಲ ದಾಖಲಾಗಬಹುದು, ಯಂತ್ರ ತಡೆಯುವುದಿಲ್ಲ. ಭೂದಾಖಲೆಯಲ್ಲಿ ಇದು ಸಣ್ಣ ತಪ್ಪಲ್ಲ, ಮನೆತನಗಳ ವ್ಯಾಜ್ಯ. ಆದ್ದರಿಂದ ಒಂಟಿ ಐಡಿಯನ್ನು ಪ್ರೈಮರಿ ಕೀ ಮಾಡಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾಗಳ ಜೋಡಣೆ ಎರಡು ಸಲ ಬರದಂತೆ ಯುನಿಕ್ ನಿರ್ಬಂಧ ಹಾಕುವುದೇ ಸರಿಯಾದ ಕ್ರಮ. ಹಿಸ್ಸಾ ಇಲ್ಲದ ಕಡೆ ಖಾಲಿ ಬಿಡಬಾರದು. ಬಹುತೇಕ ಡೇಟಾಬೇಸುಗಳು ಎರಡು ಖಾಲಿಗಳನ್ನು ಸಮವೆಂದು ಎಣಿಸುವುದಿಲ್ಲ, ನಿರ್ಬಂಧ ಸೋರುತ್ತದೆ. ಪಹಣಿಯಲ್ಲಿ ಆ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕುವ ಪದ್ಧತಿ ಇಲ್ಲಿ ಉಪಕಾರಿ.

ಜಂಟಿ ಖಾತೆಯ ವಿಷಯ ಬೇರೆ. ಒಂದು ಹೊಲಕ್ಕೆ ಹಲವು ಮಾಲೀಕರು, ಒಬ್ಬ ಮಾಲೀಕನಿಗೆ ಹಲವು ಹೊಲ. ಎರಡನ್ನೂ ಬೆಸೆಯುವ ಟೇಬಲ್ಲಿಗೆ ಹೊಲದ ಐಡಿ, ಮಾಲೀಕನ ಐಡಿ ಸೇರಿದ ಸಂಯುಕ್ತ ಕೀಲಿಯೇ ಸಹಜ. ಮಾರಿದವನೇ ಮತ್ತೆ ಕೊಂಡ ಇತಿಹಾಸವನ್ನೂ ಇಡಬೇಕಾದರೆ ದಿನಾಂಕ ಮೂರನೆಯ ಕಾಲಂ ಆಗುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ, ಭೂ-ಆಧಾರ್ ಎನ್ನುವ 14 ಅಕ್ಷರಾಂಕಿಗಳ ಗುರುತು ಒಂಟಿ ಕೀಲಿಯತ್ತ ಇಟ್ಟ ದೊಡ್ಡ ಹೆಜ್ಜೆ. ಅದು ಜಮೀನಿನ ಗಡಿಬಿಂದುಗಳ ಅಕ್ಷಾಂಶ ರೇಖಾಂಶಗಳನ್ನು ಆಧರಿಸಿದ್ದು, ತಾಲೂಕು ಬದಲಾದರೂ ಉಳಿಯುತ್ತದೆ. ಪೋಡಿಯಾಗಿ ಹೊಲ ಎರಡಾದರೆ ಮಾತ್ರ ಹೊಸ ತುಂಡುಗಳಿಗೆ ಹೊಸ ಗುರುತು ಬೇಕು. ಅವು ಯಾವ ಹೊಲದಿಂದ ಬಂದವೆಂದು ತಿಳಿಯಲು ಮೂಲದ ಗುರುತನ್ನು ಬೇರೆ ಕಾಲಂನಲ್ಲಿ ಇಡಬೇಕಾಗುತ್ತದೆ.