ಕೂಡು

ತುಂಗೆಯೂ ಭದ್ರೆಯೂ ಒಂದಾಗುವ ಕ್ಷೇತ್ರಕ್ಕೆ ಕೂಡಲಿಯೆಂದೂ, ಮಲಪ್ರಭೆಯು ಕೃಷ್ಣೆಯನ್ನು ಸೇರುವ ಸ್ಥಳಕ್ಕೆ ಕೂಡಲಸಂಗಮವೆಂದೂ ಹೆಸರಿಟ್ಟ ನಮ್ಮ ಪೂರ್ವಿಕರು, ಸೂಳೆಕೆರೆಯಿಂದ ಹರಿದುಬರುವ ಹರಿದ್ರೆಯು ತುಂಗಭದ್ರೆಯಲ್ಲಿ ಲೀನವಾಗುವ ಎಡೆಯ ಊರನ್ನು ಕೂಡಲೂರೆಂದು ಕರೆದರು. ಶಾಸನಗಳಲ್ಲಿ ಕಾಣುವ ಆ ಕೂಡಲೂರೇ ಇಂದಿನ ಹರಿಹರ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ವೇಳೆಗೆ ಅಲ್ಲಿ ಎತ್ತಿಸಿದ ದೇಗುಲದಲ್ಲಿ ಬಲಕ್ಕೆ ಹರನೂ ಎಡಕ್ಕೆ ಹರಿಯೂ ಆಗಿ ನಿಂತಿರುವ ಒಂದೇ ವಿಗ್ರಹವನ್ನು ಕಂಡಾಗಲೆಲ್ಲ, ನೀರು ಕೂಡಿದ ನೆಲದಲ್ಲಿ ದೈವವೂ ಕೂಡಿದ್ದು ಸಹಜವೇ ಸರಿ ಎಂದು ನನಗೆ ತೋರುತ್ತದೆ. ಗುಹಾಸುರನ ವಧೆಗೆ ಹರಿಯೊಬ್ಬನೂ ಸಾಲದೆ, ಹರನೊಬ್ಬನೂ ಸಾಲದೆ, ಇಬ್ಬರೂ ಏಕದೇಹಿಗಳಾಗಬೇಕಾಯಿತೆಂಬ ಸ್ಥಳಪುರಾಣವನ್ನು ಕೇಳಿದವರಿಗೆ ‘ಕೂಡು’ ಎಂಬ ಕ್ರಿಯಾಪದದ ಸತ್ತ್ವವನ್ನು ಬೇರೆ ವಿವರಿಸಬೇಕಾಗಿಲ್ಲ.

ಕನ್ನಡಕ್ಕೆ ಮಾತ್ರವಲ್ಲದೆ ತಮಿಳು, ಮಲಯಾಳ, ತೆಲುಗು, ತುಳುಗಳಿಗೂ ಸಮಾನವಾದ ಈ ಧಾತುವಿನ ಸಂತತಿ ವಿಪುಲವಾದುದು. ಕೂಟ, ಒಕ್ಕೂಟ, ಕೂಡುಕುಟುಂಬ, ವಿಧವಾವಿವಾಹಕ್ಕೆ ಹಲವು ಸಮುದಾಯಗಳಲ್ಲಿ ರೂಢವಾಗಿದ್ದ ಕೂಡಿಕೆ, ಶಾಲೆಯ ಹುಡುಗನ ಕೂಡುವ ಲೆಕ್ಕ, ಇವೆಲ್ಲವೂ ಒಂದೇ ಮನೆತನದವು. ಗೃಹಿಣಿಯು ಹಣವನ್ನು ಕೂಡಿಡುತ್ತಾಳೆ. ಬೆಳೆ ಮೇಯ್ದ ದನವನ್ನು ದೊಡ್ಡಿಯಲ್ಲಿ ಕೂಡಿಹಾಕುತ್ತಾರೆ. ಸಂಚಯವೂ ಬಂಧನವೂ ಒಂದೇ ಧಾತುವಿನಿಂದ ಹುಟ್ಟಿ, ಜತೆಗೆ ಬಂದ ಸಹಾಯಕ ಕ್ರಿಯಾಪದವೊಂದರ ಭೇದದಿಂದ ಇಷ್ಟು ದೂರ ಸರಿದಿರುವುದು ವಿಸ್ಮಯಕರ.

ಆದರೆ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವುದು ಇದರ ಇನ್ನೊಂದು ಗತಿ. ಬಿಡಿಬಿಡಿಯಾದ ವಸ್ತುಗಳು ಒಂದೆಡೆ ಸೇರುವುದನ್ನು ಹೇಳುತ್ತಿದ್ದ ಪದವೇ, ಕಾಲ, ಸ್ಥಳ, ಸಾಧನಗಳೆಲ್ಲ ಅನುಕೂಲವಾಗಿ ಒದಗಿದಾಗ ಕಾರ್ಯವು ಸಂಭವಿಸುತ್ತದೆಯೆಂಬ ಅನುಭವವನ್ನೂ ತನ್ನೊಳಕ್ಕೆ ತೆಗೆದುಕೊಂಡು, ಸಾಧ್ಯತೆಯ ವಾಚಕವಾಯಿತು. ಮಗಳಿಗೆ ಕಂಕಣಬಲ ಕೂಡಿಬಂತೆನ್ನುವ ತಾಯಿಯೂ, ಹಿಡಿದ ಕೆಲಸ ಕೈಗೂಡಿತೆನ್ನುವ ರೈತನೂ ಆಡುವುದು ಈ ಅರ್ಥವನ್ನೇ. ಇದರ ನಿಷೇಧರೂಪವಾದ ‘ಕೂಡದು’ ಎಂಬುದು, ‘ಆಗದು’ ‘ಬಾರದು’ ‘ಸಲ್ಲದು’ಗಳಂತೆ ಕಾಲಸೂಚಕ ಪ್ರತ್ಯಯದ ಹಂಗಿಲ್ಲದ ಪ್ರಾಚೀನ ರಚನೆ; ಮೊದಲು ಅದು ಅಸಾಧ್ಯವೆಂದಷ್ಟೇ ಹೇಳುತ್ತಿತ್ತು. ಒದಗಿಬಾರದುದನ್ನು ಮಾಡಲಾಗದು, ಮಾಡಲಾಗದುದನ್ನು ಮಾಡಹೊರಡಬಾರದು ಎಂಬ ಮೆಟ್ಟಿಲುಗಳನ್ನು ಇಳಿಯುತ್ತಾ ಅದು ಆಜ್ಞೆಯಾಗಿ, ಇಂದು ಉಗುಳಕೂಡದು, ಒಳಗೆ ಬರಕೂಡದು ಎಂದು ಗೋಡೆಗಳ ಮೇಲೆ ನಿಂತಿದೆ. ತೆಲುಗಿನ ‘ಕೂಡದು’, ತಮಿಳಿನ ‘ಕೂಡಾದು’ಗಳೂ ಇದೇ ಹಾದಿಯಲ್ಲಿ ನಡೆದವು. ಸಂಗಮಗಳಿಗೆ ಹೆಸರಾದ ಮಾತು ಓದುಬರಹ ಬಲ್ಲ ಬಹುಜನರ ಕಣ್ಣಿಗೆ ಕೇವಲ ತಡೆಯಾಗಿ ಬೀಳುತ್ತಿರುವುದು ನನಗೆ ನೋವಿನ ಸಂಗತಿ. ಕೂಡಿಬರುವುದರ ಪ್ರಸನ್ನತೆಯನ್ನು ಬರವಣಿಗೆಯೂ ಉಳಿಸಿಕೊಳ್ಳಬೇಕಷ್ಟೆ.

‘ಕೂಡ್’ ಎಂದು ಕೇಳಿಸಿದ್ದೆಲ್ಲ ಈ ಧಾತುವಿನದೇ ಎಂದುಕೊಳ್ಳದಂತೆ ಇಲ್ಲೊಂದು ಎಚ್ಚರ ಅಗತ್ಯ. 1956ರವರೆಗೆ ಹರಿಹರವು ಮೈಸೂರಿನ ಅಂಚಿನಲ್ಲಿದ್ದು, ಹೊಳೆಯಾಚೆಯ ರಾಣೆಬೆನ್ನೂರು ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಕಡೆಯವರು ಅತಿಥಿಗೆ ‘ಕೂಡ್ರಿ’ ಎನ್ನುವಾಗ ಕೇಳಿಬರುವುದು ನಮ್ಮ ಧಾತುವಲ್ಲ, ಹಳಗನ್ನಡದ ‘ಕುಳ್ಳಿರ್’ ಎಂಬುದರ ಪರಿಣಾಮವೆಂದು ತಿಳಿಯುವುದೇ ಯುಕ್ತ.

‘ಕೂಡ’ ಎಂಬ ಅವ್ಯಯಕ್ಕೂ ಒಂದು ಮಾತು ಸಲ್ಲಬೇಕು. ‘ಅವನೂ ಕೂಡ ಬಂದ’ ಎಂಬಲ್ಲಿ ಅದು ಸಮುಚ್ಚಯವನ್ನು ಹೇಳಿದರೆ, ‘ಅವನ ಕೂಡ ಬಂದ’ ಎಂಬಲ್ಲಿ ಸಾಂಗತ್ಯವನ್ನು ಹೇಳುತ್ತದೆ. ಮೊದಲನೆಯದು ಪತ್ರಿಕೆಗಳಲ್ಲಿ ಧಾರಾಳವಾಗಿ ಹರಡಿ, ‘ಊ’ ಪ್ರತ್ಯಯವಿದ್ದೆಡೆ ಅನಾವಶ್ಯಕವಾಗಿಯೂ ಬಂದು ಕುಳಿತಿದೆ. ಎರಡನೆಯದರ ಜಾಗವನ್ನು ‘ಜೊತೆ’ಯು ಬಹುಮಟ್ಟಿಗೆ ಆಕ್ರಮಿಸಿದೆ. ‘ನನ್ನ ಕೂಡ ಬಾ’ ಎಂಬಲ್ಲಿ ಧಾತುವಿನ ಮೂಲಾರ್ಥವು ಇನ್ನೂ ನೇರವಾಗಿ ಕೇಳಿಸುತ್ತದೆ. ನಮ್ಮ ಬರಹಗಾರರು ಈ ಪ್ರಯೋಗಕ್ಕೆ ಮತ್ತೆ ಸ್ಥಾನ ಕೊಡಬೇಕೆಂಬುದು ನನ್ನ ಪ್ರಾರ್ಥನೆ.