ಮೊಲದ ಕರುಳಿನಿಂದ ಗಾಜಿನ ಶೀಶೆಗೆ

ಪ್ರಯೋಗಾಲಯಗಳಿಗೆ ಸಾಮಾನು ಒದಗಿಸುವವರ ಕ್ಯಾಟಲಾಗಿನಲ್ಲಿ 'ರೀಕಾಂಬಿನಂಟ್ ಹ್ಯೂಮನ್ ಐಡಿಓ-1' ಅಂತ ಒಂದು ಕಿಣ್ವ ಸಿಗುತ್ತದೆ. ಕಿಣ್ವ ಮನುಷ್ಯನದೇ, ಆದರೆ ಸಾಮಾನ್ಯವಾಗಿ ತಯಾರಾಗುವುದು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲಕ್ಕೆ ಆಮ್ಲಜನಕ ಸೇರಿಸಿ ಒಡೆಯುವುದು ಇದರ ಕೆಲಸ. ಟ್ರಿಪ್ಟೊಫಾನನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದು. ಹಾಲು, ಬೇಳೆ, ಮೊಟ್ಟೆಯಿಂದಲೇ ಬರಬೇಕು. 1901ರಲ್ಲಿ ಹಾಪ್ಕಿನ್ಸ್ ಮತ್ತು ಕೋಲ್ ಇದನ್ನು ಬೇರ್ಪಡಿಸಿದ್ದೂ ಹಾಲಿನ ಕೇಸೀನಿನಿಂದ. ಒಡೆದ ಮೇಲೆ ಸಿಗುವುದು ಕೈನುರೆನಿನ್. (ಹೆಸರು ಬಂದದ್ದು ನಾಯಿ, ಮೂತ್ರ ಎಂಬರ್ಥದ ಗ್ರೀಕ್ ಪದಗಳಿಂದ! ಇದರ ಬಂಧು ಕೈನುರೆನಿಕ್ ಆಮ್ಲವನ್ನು 1853ರಲ್ಲಿ ಲೀಬಿಗ್ ಕಂಡದ್ದು ನಾಯಿಯ ಮೂತ್ರದಲ್ಲಿ.)

ಇದನ್ನು ಒಡೆಯುವ ಕಿಣ್ವವೊಂದು ಲಿವರಿನಲ್ಲಿದೆ ಅಂತ 1930ರ ದಶಕದಲ್ಲೇ ಜಪಾನಿನವರಿಗೆ ಗೊತ್ತಿತ್ತು. 1967ರಲ್ಲಿ ಒಸಾಮು ಹಯೈಶಿಯವರ ತಂಡಕ್ಕೆ ಮೊಲದ ಕರುಳಿನಲ್ಲಿ ಇನ್ನೊಂದು ಸಿಕ್ಕಿತು. ಅದೇ ಐಡಿಓ. ಅದು ಅಲ್ಲೇನು ಮಾಡುತ್ತಿದೆ? ಸುಳಿವು ನಿಧಾನವಾಗಿ ಬಂತು. 1979ರಲ್ಲಿ ಫ್ಲೂ ವೈರಸ್ ತಗುಲಿದ ಇಲಿಗಳ ಶ್ವಾಸಕೋಶದಲ್ಲಿ ಈ ಕಿಣ್ವ ಏರಿದ್ದು ಕಂಡಿತು. 1984ರಲ್ಲಿ ಫೆಫರ್‌ಕಾರ್ನ್ ತೋರಿಸಿದ್ದು ಇನ್ನೂ ಸೊಗಸು: ಇಂಟರ್‌ಫೆರಾನ್ ಸಿಕ್ಕಿದ ಮನುಷ್ಯನ ಜೀವಕೋಶ ತನ್ನ ಟ್ರಿಪ್ಟೊಫಾನನ್ನೇ ಖಾಲಿ ಮಾಡಿ, ಒಳಹೊಕ್ಕ ಟಾಕ್ಸೊಪ್ಲಾಸ್ಮಾ ಪರಾವಲಂಬಿಯನ್ನು ಉಪವಾಸ ಕೆಡವುತ್ತದೆ!

ಆಮೇಲೆ 1998. ಅಮೆರಿಕದ ಜಾರ್ಜಿಯಾದಲ್ಲಿ ಮುನ್, ಮೆಲ್ಲರ್ ಮತ್ತವರ ಜೊತೆಗಾರರು ಬಸುರಿ ಇಲಿಗಳಲ್ಲಿ ಈ ಕಿಣ್ವವನ್ನು ತಡೆದರು. ತಂದೆ ಬೇರೆ ತಳಿಯವನಾದ ಮರಿಗಳು ಗರ್ಭದಲ್ಲೇ ಹೋದವು, ಅದೇ ತಳಿಯ ಮರಿಗಳು ಉಳಿದವು. ಅಂದರೆ ಅರ್ಧ ಪರಕೀಯವಾದ ಕೂಸಿನ ಮೇಲೆ ತಾಯಿಯ ರಕ್ಷಣಾಪಡೆ ಬೀಳದಂತೆ ನೋಡಿಕೊಳ್ಳುತ್ತಿದ್ದದ್ದು ಇದೇ. ಕ್ಯಾನ್ಸರ್ ಗಡ್ಡೆಗಳೂ ಇದೇ ಮರೆಯಲ್ಲಿ ಬಚಾವಾಗುತ್ತವೆಯೇ? ಹಾಗಾದರೆ ಇದನ್ನು ತಡೆಯುವ ಔಷಧಿ ಬೇಕು ಅಂತ ಹುಡುಕಾಟ ಶುರುವಾಯಿತು.

ಹುಡುಕಾಟಕ್ಕೆ ಶುದ್ಧ ಕಿಣ್ವ ಬೇಕಲ್ಲ! ಮನುಷ್ಯನ ಐಡಿಓ ಜೀನು 1990ರಲ್ಲೇ ಕೈಗೆ ಸಿಕ್ಕಿತ್ತು. 2000ದಲ್ಲಿ ಅದನ್ನು ಇ. ಕೋಲಿಯಲ್ಲಿ ಬೆಳೆಸಿ ಶುದ್ಧಗೊಳಿಸುವ ವಿಧಾನ ಪ್ರಕಟವಾಯಿತು. ಪರೀಕ್ಷೆ ಸರಳ. ಕಿಣ್ವ, ಟ್ರಿಪ್ಟೊಫಾನ್, ಔಷಧಿ ಬೆರೆಸಿಟ್ಟು, ಆಮ್ಲ ಹಾಕಿ, ಕೊನೆಗೆ ಎರ್ಲಿಕ್ ದ್ರಾವಣ ಹಾಕಿದರೆ ಕೈನುರೆನಿನ್ ಹಳದಿ ಬಣ್ಣ ಕೊಡುತ್ತದೆ. ಹಳದಿ ಕಡಿಮೆಯಾದರೆ ಔಷಧಿ ಕೆಲಸ ಮಾಡಿದೆ ಅಂತ.

ಎಪಕಾಡೋಸ್ಟಾಟ್ ಶೀಶೆಯಲ್ಲಿ ಚೆನ್ನಾಗಿಯೇ ಗೆದ್ದಿತು. ಮೊದಲ ರೋಗಿಗಳಲ್ಲೂ ಆಸೆ ಹುಟ್ಟಿಸಿತು, ಆದರೆ ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ನನಗೆ ಕಾಣುವಂತೆ ಅವಸರವಾದದ್ದು ಅಲ್ಲೇ. 2018ರಲ್ಲಿ ಮುಂದುವರಿದ ಮೆಲನೋಮಾ ಇದ್ದ 706 ಜನರ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಪೆಂಬ್ರೊಲಿಜುಮ್ಯಾಬ್ ಜೊತೆ ಇದನ್ನೂ ಕೊಟ್ಟವರಲ್ಲಿ ರೋಗ ಮುಂದುವರಿಯದೆ ನಿಂತದ್ದು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 4.7 ತಿಂಗಳು, ಕೊಡದವರಲ್ಲಿ 4.9. ಕಾರಣದ ಚರ್ಚೆ ನಡೆದೇ ಇದೆ. ಡೋಸ್ ಸಾಲಲಿಲ್ಲ ಅನ್ನುವವರಿದ್ದಾರೆ. ಇನ್ನು ಕೆಲವರು ಬೆರಳು ತೋರಿಸುವುದು ಲಿವರಿನ ಆ ಹಳೆಯ ಕಿಣ್ವದ ಕಡೆಗೆ, ಅದನ್ನು ಈ ಔಷಧಿ ಮುಟ್ಟುವುದೇ ಇಲ್ಲ.