ಚಲಚ್ಚಿತ್ರದ ಬಣ್ಣವೂ ದೀಪದ ಬೆಳಕೂ

ತರ್ಕಶಾಸ್ತ್ರದ ಪರಿಚಯವುಳ್ಳವರಿಗೆ ‘ಪೀತಃ ಶಂಖಃ’ ಎಂಬ ದೃಷ್ಟಾಂತವು ತಿಳಿಯದುದಲ್ಲ. ಕಾಮಾಲೆಯಾದವನಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುವುದು. ದೋಷವು ಶಂಖದಲ್ಲಿಲ್ಲ, ಕಣ್ಣಿನಲ್ಲಿದೆ. ಇನ್ನು ಆರೋಗ್ಯವಂತನೊಬ್ಬನ ಮುಂದೆ ಅದೇ ಶಂಖವನ್ನು ತಂತಿಯ ವಿದ್ಯುದ್ದೀಪದ ಕೆಳಗಿಟ್ಟರೆ ಏನಾಗುವುದು? ಶಂಖದಿಂದ ಹೊರಟು ಕಣ್ಣನ್ನು ಮುಟ್ಟುವ ಬೆಳಕು ಈಗ ನಿಜವಾಗಿಯೂ ಹಳದಿಯದು. ಆದರೂ ಅವನು ‘ಶಂಖವು ಬೆಳ್ಳಗಿದೆ’ ಎಂದೇ ಹೇಳುವನು. ಕಣ್ಣೂ ಮನಸ್ಸೂ ಕೂಡಿ ಬೆಳಕಿನ ವಿಕಾರವನ್ನು ತಾವಾಗಿಯೇ ಕಳೆದುಬಿಡುವುವು. ಫಿಲ್ಮಿಗಾದರೋ ಮನಸ್ಸಿಲ್ಲ, ಅದು ಬಂದ ಬೆಳಕನ್ನು ಬಂದಂತೆಯೇ ಬರೆದುಕೊಳ್ಳುವುದು. ಆದುದರಿಂದ ಬಣ್ಣದ ಫಿಲ್ಮನ್ನು ಮಾಡುವವನು ‘ಯಾವ ಬೆಳಕಿನಲ್ಲಿ ಬಿಳಿಯು ಬಿಳಿಯಾಗಿ ತೋರಬೇಕು?’ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಕೊಳ್ಳಬೇಕು. 1952ರಲ್ಲಿ ಚಲಚ್ಚಿತ್ರದ ನೆಗೆಟಿವ್ ಫಿಲ್ಮಿನ ನಿರ್ಮಾಪಕರು ಈ ಪ್ರಶ್ನೆಗೆ ಸೂರ್ಯನನ್ನು ಬಿಟ್ಟು ದೀಪವನ್ನೇ ಉತ್ತರವಾಗಿ ಹೇಳಿದರು. ಅದೇಕೆ, ಅದರಿಂದಾದ ಫಲವೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಬೆಳಕಿನ ಬಣ್ಣವನ್ನು ಅಳೆಯುವ ಕ್ರಮವನ್ನು ತಿಳಿಯೋಣ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಕಾದಂತೆಲ್ಲ ಮೊದಲು ಕೆಂಪಾಗಿಯೂ, ಬಳಿಕ ಹಳದಿಯಾಗಿಯೂ, ಕೊನೆಗೆ ಬಿಳಿಯಾಗಿಯೂ ಹೊಳೆಯುವುದನ್ನು ಎಲ್ಲರೂ ಕಂಡಿರುವರು. ಹೀಗೆ ಬೆಳಕಿನ ಬಣ್ಣಕ್ಕೂ ಶಾಖಕ್ಕೂ ನಿಯತವಾದ ಸಂಬಂಧವಿರುವುದರಿಂದ, ಕೆಲ್ವಿನ್ ಎಂಬ ಉಷ್ಣಮಾನದಿಂದಲೇ ಬಣ್ಣವನ್ನು ನಿರ್ದೇಶಿಸುವರು. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್. ಸ್ಟುಡಿಯೋಗಳಲ್ಲಿ ಬಳಸುವ ಟಂಗ್‌ಸ್ಟನ್ ತಂತಿಯ ದೀಪವು 3200 ಕೆಲ್ವಿನ್. ಟಂಗ್‌ಸ್ಟನ್ ಲೋಹವು ಸುಮಾರು 3400 ಸೆಂಟಿಗ್ರೇಡ್ ಶಾಖದವರೆಗೆ ಕರಗದಿರುವುದರಿಂದಲೇ ದೀಪದ ತಂತಿಗೆ ಯೋಗ್ಯವಾಯಿತು. ಆದರೂ ಅದು ಸೂರ್ಯನಷ್ಟು ಕಾಯಲಾರದು. ಅದರ ಬೆಳಕಿನಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ.

ಇನ್ನು ಪೂರ್ವವೃತ್ತಾಂತ. ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳಿಂದ ವರ್ಣಚಿತ್ರವನ್ನು ಕಟ್ಟಬಹುದೆಂದು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು 1861ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟನು. ಆದರೆ ಚಿತ್ರವನ್ನು ಹಿಡಿಯುವ ಬೆಳ್ಳಿಯ ಲವಣಗಳು ಸ್ವಭಾವತಃ ನೀಲಿಯನ್ನೇ ಹೆಚ್ಚಾಗಿ ಗ್ರಹಿಸುವುವು. ಕೆಲವು ಬಣ್ಣಗಳನ್ನು ಬೆರಸಿದರೆ ಅವು ಇತರ ಬೆಳಕುಗಳನ್ನೂ ಗ್ರಹಿಸುವುವೆಂದು ಜರ್ಮನಿಯ ಹೆರ್ಮನ್ ಫೋಗೆಲ್ 1873ರಲ್ಲಿ ಕಂಡುಹಿಡಿದನು. 1930ರ ದಶಕದಲ್ಲಿ ಪ್ರಸಿದ್ಧಿಗೆ ಬಂದ ಟೆಕ್ನಿಕಲರ್ ಪದ್ಧತಿಯಲ್ಲಿ, ಕ್ಯಾಮೆರಾದೊಳಗೆ ಪಟ್ಟಕದಿಂದ ಬೆಳಕನ್ನು ಒಡೆದು, ಮೂರು ಕಪ್ಪುಬಿಳುಪಿನ ಫಿಲ್ಮುಗಳ ಮೇಲೆ ಏಕಕಾಲದಲ್ಲಿ ಮೂರು ಬಣ್ಣಗಳ ದಾಖಲೆಯನ್ನು ಪಡೆಯುತ್ತಿದ್ದರು. ಚಿತ್ರವೇನೋ ಮನೋಹರವೇ, ಆದರೆ ಆ ಕ್ಯಾಮೆರಾ ಬಲು ಭಾರವಾದುದು, ಅದಕ್ಕೆ ಬೇಕಾದ ಬೆಳಕು ಅಪಾರವಾದುದು. ಹಗಲಿನ ಬಣ್ಣಕ್ಕೆ ಸಮೀಪವಾದ ಬೆಳಕನ್ನು ಕೊಡುವ ಕಾರ್ಬನ್ ಆರ್ಕ್ ದೀಪಗಳನ್ನು ಸಾಲುಸಾಲಾಗಿ ಉರಿಸಬೇಕಾಗಿತ್ತು. ಅವುಗಳ ಹೊಗೆ ಒಂದು ಕಡೆ, ಬೇಗೆ ಇನ್ನೊಂದು ಕಡೆ. ಅವು ಮಾಡುವ ಝೇಂಕಾರವು ಮಾತಿನ ಚಿತ್ರಗಳ ಕಾಲದಲ್ಲಿ ಮೈಕ್ರೊಫೋನಿಗೂ ಬಾಧಕವಾಗಿತ್ತು. ಸದ್ದಿಲ್ಲದ ಟಂಗ್‌ಸ್ಟನ್ ದೀಪವು 1920ರ ದಶಕದ ಕೊನೆಯಲ್ಲಿಯೇ ಕಪ್ಪುಬಿಳುಪಿನ ಸ್ಟುಡಿಯೋಗಳನ್ನು ಹೊಕ್ಕಿದ್ದಿತು. ಬಣ್ಣದವರಿಗೆ ಮಾತ್ರ ಅದು ಸುಲಭವಾಗಿ ಒದಗಿರಲಿಲ್ಲ.

ಮೂರು ಫಿಲ್ಮುಗಳ ಕೆಲಸವನ್ನು ಒಂದರಿಂದಲೇ ಸಾಧಿಸುವ ಯತ್ನವು ಬೇರೆ ಕಡೆ ನಡೆದಿತ್ತು. ರುಡಾಲ್ಫ್ ಫಿಷರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು 1912ರ ಹೊತ್ತಿಗೆ ಇದರ ಬೀಜವನ್ನು ಬಿತ್ತಿದ್ದನು. ಆಗ್ಫಾ ಸಂಸ್ಥೆಯು 1936ರಲ್ಲಿ ಅದನ್ನು ಫಲಕ್ಕೆ ತಂದಿತು. ಅಮೆರಿಕದ ಈಸ್ಟ್‌ಮನ್ ಕೊಡಕ್ ಸಂಸ್ಥೆಯು 1950ರಲ್ಲಿ 5247 ಎಂಬ ಸಂಖ್ಯೆಯ ವರ್ಣನೆಗೆಟಿವನ್ನು ಹೊರತಂದಿತು. ಇದು ಹಗಲಿನ ಬೆಳಕಿಗೆ ಹೊಂದಿಸಿದುದು. ಇದರ ವೇಗವು, ಎಂದರೆ ಬೆಳಕನ್ನು ಗ್ರಹಿಸುವ ಶಕ್ತಿಯ ಅಂಕವು, ಕೇವಲ 16. ರಾಜಕುಮಾರಿ ಎಲಿಜಬೆತ್ತಳ ಕೆನಡಾ ಪ್ರವಾಸವನ್ನು ತೋರಿಸುವ 1951ರ ‘ರಾಯಲ್ ಜರ್ನಿ’ ಎಂಬ ಚಿತ್ರವು ಈ ಫಿಲ್ಮಿನಿಂದಲೇ ಸಿದ್ಧವಾಯಿತು. ಎರಡೇ ವರ್ಷಗಳಲ್ಲಿ, 1952ರಲ್ಲಿ, ದೀಪದ ಬೆಳಕಿಗೆ ಹೊಂದಿಸಿದ 5248 ಬಂದಿತು. ಇದರ ವೇಗವು 25.

ಈ ಬದಲಾವಣೆಯ ಮರ್ಮವು ಸಾಮಾನ್ಯ ಗಣಿತದಿಂದಲೇ ತಿಳಿಯುವುದು. ಹಗಲಿನ ಫಿಲ್ಮನ್ನು ದೀಪದ ಮುಂದೆ ಬಳಸಬೇಕಾದರೆ ಮಸೂರದ ಮುಂದೆ ನೀಲಿಯ ಫಿಲ್ಟರ್ ಗಾಜನ್ನಿಡಬೇಕು. ಅದು ಬೆಳಕಿನ ನಾಲ್ಕು ಪಾಲುಗಳಲ್ಲಿ ಸುಮಾರು ಮೂರನ್ನು ನುಂಗಿಬಿಡುವುದು. ಆಗ 16ರ ವೇಗವು 4ಕ್ಕೆ ಇಳಿಯುವುದು. ದೀಪದ ಫಿಲ್ಮನ್ನು ಬಿಸಿಲಿನಲ್ಲಿ ಬಳಸಬೇಕಾದರೆ 85ನೆಯ ಸಂಖ್ಯೆಯ ಕಿತ್ತಳೆ ಬಣ್ಣದ ಫಿಲ್ಟರ್ ಸಾಕು. ಅದು ನುಂಗುವುದು ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. 25ರ ವೇಗವು ಆಗ 16 ಆಗುವುದು. ಎಂದರೆ ಹೊಸ ಫಿಲ್ಮು ಬಿಸಿಲಿನಲ್ಲಿ ಹಳೆಯದಕ್ಕೆ ಸಮಾನವಾಗಿಯೇ ಉಳಿದು, ದೀಪದ ಮುಂದೆ ಅದಕ್ಕಿಂತ ಆರು ಪಟ್ಟು ಸಮರ್ಥವಾಯಿತು! ಬಿಸಿಲು ಧಾರಾಳವಾದುದು, ಅಲ್ಲಿ ನಷ್ಟವನ್ನು ತಾಳಬಹುದು. ದೀಪದ ಬೆಳಕಾದರೋ ಹಣ ತೆತ್ತು ತಂದುದು, ಅಲ್ಲಿ ಒಂದು ಕಿರಣವನ್ನೂ ವ್ಯರ್ಥಮಾಡಲಾಗದು. ಬಡತನವಿರುವ ಕಡೆ ಮಿತವ್ಯಯ, ಸಮೃದ್ಧಿಯಿರುವ ಕಡೆ ತ್ಯಾಗ ಎಂಬ ಗೃಹಸ್ಥನೀತಿಯೇ ಇಲ್ಲಿಯೂ ಜಯಿಸಿತು.

ಈ ಹೊಂದಾಣಿಕೆಯು ಫಿಲ್ಮಿನೊಳಗೆ ನಡೆಯುವ ಬಗೆ ಹೇಗೆ? ತೆಳುವಾದ ಪಟ್ಟಿಯ ಮೇಲೆ ನೀಲಿ, ಹಸುರು, ಕೆಂಪು ಬೆಳಕುಗಳನ್ನು ಗ್ರಹಿಸುವ ಪದರಗಳು ಮೇಲಿನಿಂದ ಕೆಳಕ್ಕೆ ಕ್ರಮವಾಗಿರುವುವು. ದೀಪದ ಬೆಳಕಿನಲ್ಲಿ ನೀಲಿಯು ಕಡಿಮೆಯಾದುದರಿಂದ ನೀಲಿಯ ಪದರವನ್ನು ಮಿಕ್ಕವುಗಳಿಗಿಂತ ಚುರುಕಾಗಿ ಮಾಡುವರು. ಚುರುಕಾಗಬೇಕಾದರೆ ಬೆಳ್ಳಿಯ ಹರಳುಗಳು ದಪ್ಪವಾಗಬೇಕು. ದಪ್ಪವಾದರೆ ಚಿತ್ರದಲ್ಲಿ ಕಾಳುಕಾಳಾಗಿ ತೋರುವ ಭಯವುಂಟು. ಆದರೆ ಆ ಪದರದಲ್ಲಿ ಹುಟ್ಟುವ ಬಣ್ಣವು ಹಳದಿಯಾದುದರಿಂದ ಅದರ ಕಾಳು ಕಣ್ಣಿಗೆ ಅಷ್ಟಾಗಿ ಬೀಳದು.

ಫಿಲ್ಮನ್ನು ಸಂಸ್ಕರಿಸುವಾಗ ಕಪ್ಲರ್ ಎಂಬ ದ್ರವ್ಯಗಳು ಈ ಪದರಗಳಲ್ಲಿ ಕ್ರಮವಾಗಿ ಹಳದಿ, ನೇರಳೆಗೆಂಪು, ಹಸುರುನೀಲಿ ಬಣ್ಣಗಳನ್ನು ಹುಟ್ಟಿಸುವುವು. ಇವುಗಳಲ್ಲಿ ಕೊನೆಯ ಎರಡು ಬಣ್ಣಗಳು ಶುದ್ಧವಲ್ಲ. ತಮಗೆ ಸಂಬಂಧಿಸದ ಬೆಳಕನ್ನೂ ಸ್ವಲ್ಪ ನುಂಗುವುವು. ಕೊಡಕ್ ಸಂಸ್ಥೆಯ ವೆಸ್ಲಿ ಹ್ಯಾನ್ಸನ್ ಎಂಬಾತನು 1940ರ ದಶಕದಲ್ಲಿ ಇದಕ್ಕೊಂದು ಚಮತ್ಕಾರದ ಪರಿಹಾರವನ್ನು ಕಂಡನು. ಕಪ್ಲರಿಗೇ ಮೊದಲು ಒಂದು ಬಣ್ಣವನ್ನು ಕೊಟ್ಟನು. ಹೊಸ ಬಣ್ಣವು ಹುಟ್ಟಿದ ಕಡೆ ಅದು ಅಳಿಯುವುದು, ಹುಟ್ಟದ ಕಡೆ ಉಳಿಯುವುದು; ಹೀಗಾಗಿ ದೋಷವು ಪಟ್ಟಿಯಲ್ಲೆಲ್ಲ ಒಂದೇ ಸಮನಾಗಿ ಹರಡುವುದು. ಸಮನಾದ ದೋಷವನ್ನು ಮುದ್ರಿಸುವಾಗ ಸುಲಭವಾಗಿ ಕಳೆಯಬಹುದಷ್ಟೆ. ವಾಚಕರ ಮನೆಗಳಲ್ಲಿರಬಹುದಾದ ಹಳೆಯ ಬಣ್ಣದ ನೆಗೆಟಿವುಗಳು ಕಿತ್ತಳೆಯಾಗಿ ಕಾಣುವುದು ಈ ಕಾರಣದಿಂದಲೇ.

ಬಳಿಕ ವೇಗವು ಏರುತ್ತ ಹೋಯಿತು: 1959ರಲ್ಲಿ 50, 1968ರಲ್ಲಿ 100, 1989ರಲ್ಲಿ 500. ಕನ್ನಡದ ಪ್ರಥಮ ಪೂರ್ಣ ವರ್ಣಚಿತ್ರವೆನಿಸಿದ, ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯು 1964ರಲ್ಲಿ ಈಸ್ಟ್‌ಮನ್ ವರ್ಣದಲ್ಲಿ ಬಂದಾಗ, ಆ ಸಂಸ್ಥೆಯ ನೆಗೆಟಿವಿನ ವೇಗವು 50ನ್ನು ದಾಟಿರಲಿಲ್ಲ. ಇಂದಿನ ಫಿಲ್ಮಿಗಿಂತ ಹತ್ತು ಪಟ್ಟು ಬೆಳಕನ್ನು ನಟನಟಿಯರ ಮೇಲೆ ಸುರಿಯಬೇಕಾಗಿದ್ದ ಕಾಲವದು. 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಮತ್ತು ಛಾಯಾಗ್ರಾಹಕ ಜಾನ್ ಆಲ್ಕಾಟ್ ಇವರು 100ರ ಫಿಲ್ಮನ್ನು ಸಂಸ್ಕಾರಬಲದಿಂದ 200ಕ್ಕೆ ಏರಿಸಿ, ಬಲು ವಿಶಾಲವಾದ ಝೈಸ್ ಮಸೂರದಿಂದ, ಮೇಣದ ಬತ್ತಿಯ ಬೆಳಕಿನಲ್ಲಿಯೇ ದೃಶ್ಯಗಳನ್ನು ಹಿಡಿದರು. ಬತ್ತಿಯ ಬೆಳಕು 3200 ಕೆಲ್ವಿನ್ನಿಗಿಂತ ಬಹಳ ಕೆಳಗಿನದಾದುದರಿಂದ ಆ ಮುಖಗಳು ಹೊಂಬಣ್ಣವನ್ನು ತಳೆದುವು. ಅಲ್ಲಿ ಫಿಲ್ಮಿನ ನಿಷ್ಠುರತೆಯೇ ಅಲಂಕಾರವಾಯಿತು.

ಇಷ್ಟೆಲ್ಲ ಸಾಧಿಸಿದವರನ್ನು ಒಂದು ವಿಷಯದಲ್ಲಿ ಕಾಲವು ಸೋಲಿಸಿತು. ಸಂಸ್ಕಾರವು ಮುಗಿದ ಮೇಲೆ ಈ ಫಿಲ್ಮಿನಲ್ಲಿ ಬೆಳ್ಳಿಯು ಉಳಿಯುವುದಿಲ್ಲ, ಸಾವಯವ ಬಣ್ಣಗಳು ಮಾತ್ರ ಉಳಿಯುವುವು. ಅವು ಕತ್ತಲೆಯಲ್ಲಿಟ್ಟರೂ ಮಾಸುವುವು. 1950ರಿಂದ 1970ರ ದಶಕದವರೆಗಿನ ಅನೇಕ ಪ್ರತಿಗಳಲ್ಲಿ ಹಸುರುನೀಲಿಯು ಮೊದಲು ಅಳಿದು ಚಿತ್ರವೆಲ್ಲ ಕೆಂಪೇರಿತು. 1980ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಮೊದಲಾದ ನಿರ್ದೇಶಕರು ಬಹಿರಂಗವಾಗಿ ಪ್ರತಿಭಟಿಸಿದರು. ಆ ದಶಕದಿಂದ ಬಣ್ಣಗಳ ಬಾಳಿಕೆಯು ಸುಧಾರಿಸಿತು. ಆದರೆ ಹಿಂದೆ ಆದ ಹಾನಿಯು ಆದಂತೆಯೇ ಇದೆ.

ಈಗ ಜೀರ್ಣೋದ್ಧಾರ ಮಾಡುವವನ ಸಂಕಟವನ್ನು ನೋಡಿರಿ. ದಾಸವಾಳದ ಬಳಿಯಿಟ್ಟ ಸ್ಫಟಿಕವು ಕೆಂಪಾಗಿ ತೋರಿದರೆ ಹೂವನ್ನು ಸರಿಸಿ ಸತ್ಯವನ್ನು ತಿಳಿಯಬಹುದು. ಮಾಸಿದ ಫಿಲ್ಮಿನಲ್ಲಿ ಸರಿಸುವುದು ಯಾವುದನ್ನು? ಆ ಕೆಂಪು ಸಂಜೆಯ ದೀಪದ್ದೋ, ಕಲಾವಿದನು ಬಯಸಿ ತಂದುದೋ, ಬಣ್ಣವು ಅಳಿದುದರಿಂದ ಬಂದುದೋ? ಚಿತ್ರವನ್ನು ತೆಗೆದವರು ಬದುಕಿಲ್ಲದಿದ್ದರೆ, ಯಾವ ದೀಪ, ಯಾವ ಫಿಲ್ಟರ್ ಎಂಬ ಟಿಪ್ಪಣಿಯೂ ದೊರೆಯದಿದ್ದರೆ, ಉತ್ತರವು ಊಹೆಯಾಗಿಬಿಡುವುದು. ಚಿತ್ರವು ಉಳಿದೂ ಅದರ ಬಿಳಿಯು ಯಾವುದೆಂಬ ಜ್ಞಾನವು ನಷ್ಟವಾಗುವುದು.

ಇದಕ್ಕೆ ಉಪಾಯವಿಲ್ಲದಿಲ್ಲ. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ಕಪ್ಪುಬಿಳುಪಿನ ಬೆಳ್ಳಿಯ ಫಿಲ್ಮುಗಳಿಗೆ ಇಳಿಸಿಡುವುದು ಒಂದು; ಮೂಲ ನೆಗೆಟಿವನ್ನು ತೇವವಿಲ್ಲದ ಶೀತಾಗಾರದಲ್ಲಿಡುವುದು ಇನ್ನೊಂದು; ಚಿತ್ರೀಕರಣದ ಟಿಪ್ಪಣಿಗಳನ್ನು ಕಾಗದದ ಕಸವೆಂದು ಎಸೆಯದಿರುವುದು ಮೂರನೆಯದು. ನಮ್ಮ ನಾಡಿನ ಹಳೆಯ ವರ್ಣಚಿತ್ರಗಳ ನೆಗೆಟಿವುಗಳನ್ನಾಗಲಿ, ಅವುಗಳಿಗೆ ಸೇರಿದ ಪತ್ರಗಳನ್ನಾಗಲಿ ಇಟ್ಟುಕೊಂಡಿರುವ ಮನೆತನದವರು ಅವುಗಳನ್ನು ಅಟ್ಟದ ಬೇಗೆಯಲ್ಲಿ ಬಿಡದೆ, ತಿಳಿದವರ ವಶಕ್ಕೆ ಒಪ್ಪಿಸುವುದು ಯುಕ್ತವು. ತಾಳೆಯೋಲೆಗೆ ಗೆದ್ದಲು ಹೇಗೋ ಈ ಬಣ್ಣಗಳಿಗೆ ಶಾಖವು ಹಾಗೆ. ಓಲೆಗಳ ವಿಷಯದಲ್ಲಿ ನಮ್ಮವರು ತಡವಾಗಿ ಎಚ್ಚೆತ್ತರು; ಇಲ್ಲಿಯಾದರೂ ಸಕಾಲದಲ್ಲಿ ಎಚ್ಚರಗೊಳ್ಳುವುದು ಒಳ್ಳೆಯದು.